ಅರ್ಥಶಾಸ್ತ್ರ ಓದುತ್ತಾ ಡೇಟಾ ಕಲಿಯೋದು ಹೇಗೆ? ಪಿಯುಸಿ ಮುಗಿಸಿದವರಿಗೆ ಒಂದು ದಾರಿ

ಪಿಯುಸಿ ರಿಸಲ್ಟ್ ಬಂದ ಮಾರನೇ ದಿನದಿಂದ ನನಗೆ ಮೆಸೇಜುಗಳು ಶುರು. ಎಲ್ಲದರಲ್ಲೂ ಹೆಚ್ಚು ಕಡಿಮೆ ಇದೇ ಪ್ರಶ್ನೆಗಳು. ಬಿಎ ಎಕನಾಮಿಕ್ಸ್ ಸೇರಲಾ, ಬಿಎಸ್ಸಿ ಸೇರಲಾ? ಡೇಟಾ ಅನಲಿಟಿಕ್ಸ್ ಕೋರ್ಸ್ ಬೇರೆ ದುಡ್ಡು ಕೊಟ್ಟು ಮಾಡಬೇಕಾ? ಪಿಯುಸಿಯಲ್ಲಿ ಗಣಿತ ಇರಲಿಲ್ಲ, ಕಥೆ ಮುಗೀತಾ? ಒಬ್ಬೊಬ್ಬರಿಗೂ ಬೇರೆ ಬೇರೆ ಟೈಪ್ ಮಾಡಿ ಸಾಕಾಯ್ತು, ಹಾಗಾಗಿ ಎಲ್ಲವನ್ನೂ ಒಂದೇ ಕಡೆ ಬರೆದಿಡುತ್ತಿದ್ದೇನೆ.

ಮೊದಲೇ ಹೇಳಿಬಿಡುತ್ತೇನೆ. ಗಣಿತ ಮೊದಲು, ಆಮೇಲೆ ಒಂದು ಒಳ್ಳೆಯ ಪ್ರಶ್ನೆ, ಸಾಫ್ಟ್‌ವೇರ್ ಎಲ್ಲಕ್ಕಿಂತ ಕೊನೆಗೆ. ಜಾಸ್ತಿ ಜನ ಇದನ್ನು ಉಲ್ಟಾ ಮಾಡುತ್ತಾರೆ. ಮೂರು ತಿಂಗಳು ಪೈಥಾನ್ ಪ್ರೋಗ್ರಾಮಿಂಗ್ ಕಲಿತು, ಸರ್ಟಿಫಿಕೇಟ್ ಫೋಟೋ ಹಾಕಿ, ಆಮೇಲೆ "ಈಗ ಏನು ಮಾಡಲಿ?" ಅಂತ ಕೇಳುತ್ತಾರೆ. ಮನೆಯಲ್ಲಿ ಅಕ್ಕಿ ಬೇಳೆ ಇಲ್ಲದೆ ಕುಕ್ಕರ್ ತಂದಿಟ್ಟ ಹಾಗೆ.

ಬೇಕಾಗುವುದು ಜಾಸ್ತಿ ಏನಿಲ್ಲ. ಒಂದು ಸಾಧಾರಣ ಲ್ಯಾಪ್‌ಟಾಪ್, 8 ಜಿಬಿ ರ‍್ಯಾಮ್ ಇದ್ದರೆ ಆರಾಮ, 4 ಜಿಬಿ ಇದ್ದರೂ ನಡೆಯುತ್ತದೆ. ಸೆಕೆಂಡ್ ಹ್ಯಾಂಡ್ ಆದರೂ ಸರಿ. ಮೊದಲ ವರ್ಷ ಕಾಲೇಜಿನ ಲ್ಯಾಬ್‌ನಲ್ಲೇ ತಳ್ಳಬಹುದು. ದಿನಕ್ಕೆ ಒಂದು ಗಂಟೆ ಬೇಕು. ಒಂದು ನೋಟ್‌ಬುಕ್ ಬೇಕು, ಕಾಗದದ್ದು. ಫೋನ್‌ನಲ್ಲಿ ಮಾತ್ರ ಕಲಿಯುತ್ತೇನೆ ಅಂತ ಹೊರಡಬೇಡಿ, ಐದು ಇಂಚಿನ ಪರದೆಯಲ್ಲಿ ಹತ್ತು ಸಾವಿರ ಸಾಲಿನ ಶೀಟ್ ನೋಡಿ ಅರ್ಥ ಮಾಡಿಕೊಂಡವರನ್ನು ನಾನು ಇನ್ನೂ ಕಂಡಿಲ್ಲ.

1. ಗಣಿತ ಎಲ್ಲಿದೆ ನೋಡಿಕೊಳ್ಳಿ

ಕಾಮರ್ಸ್‌ನಲ್ಲಿ ಎಸ್‌ಇಬಿಎ ತಗೊಂಡವರಿಗೆ ಸಂಖ್ಯಾಶಾಸ್ತ್ರ ಗೊತ್ತಿರುತ್ತದೆ, ಅಂದರೆ ಅರ್ಧ ಕೆಲಸ ಆಗಿದೆ. ಸಿಇಬಿಎ ಮಾಡಿದವರಿಗೆ ಕಂಪ್ಯೂಟರ್ ಭಯ ಇಲ್ಲ. ಎಚ್‌ಇಬಿಎ, ಎಚ್‌ಇಪಿಎಸ್ ಮಾಡಿದವರಿಗೆ ಎರಡೂ ಹೊಸದು. ಸೈನ್ಸ್‌ನಿಂದ ಬರುವವರಿಗೆ ಗಣಿತ ಸಲೀಸು, ಆದರೆ "ಎಕನಾಮಿಕ್ಸ್ ಅಂದರೆ ಬರೀ ಥಿಯರಿ, ಪರೀಕ್ಷೆ ಹಿಂದಿನ ದಿನ ಓದಿದರೆ ಸಾಕು" ಅನ್ನುವ ಉಡಾಫೆಯೂ ಜೊತೆಗೇ ಬರುತ್ತದೆ. ಅದು ಮೊದಲ ಇಂಟರ್ನಲ್ಸ್‌ನಲ್ಲೇ ಇಳಿಯುತ್ತದೆ.

ಗಣಿತ ಪೂರ್ತಿ ಬೇಕಿಲ್ಲ. ನಾಲ್ಕು ಸಾಮಾನು ಸಾಕು.

ಒಂದು, ಡೆರಿವೇಟಿವ್, ಅಂದರೆ ಒಂದು ಸ್ವಲ್ಪ ಬದಲಾದರೆ ಇನ್ನೊಂದು ಎಷ್ಟು ಬದಲಾಗುತ್ತದೆ ಅನ್ನುವ ಲೆಕ್ಕ. ಪಿಯುಸಿ ಪುಸ್ತಕದ "ಸೀಮಾಂತ ತುಷ್ಟಿಗುಣ" ನೆನಪಿದೆಯಾ? ಇನ್ನೊಂದು ದೋಸೆ ತಿಂದರೆ ಸಿಗುವ ಹೆಚ್ಚುವರಿ ತೃಪ್ತಿ. ಅದರ ಹಿಂದಿರುವುದು ಡೆರಿವೇಟಿವ್. ಅರ್ಥಶಾಸ್ತ್ರದಲ್ಲಿ "ಸೀಮಾಂತ" ಅಂತ ಎಲ್ಲೆಲ್ಲಿ ಬರುತ್ತದೋ ಅಲ್ಲೆಲ್ಲ ಅದೇ.

ಎರಡು, ಲಾಗರಿದಮ್. ಇದನ್ನು ಎಲ್ಲರೂ ಹಾರಿಸುತ್ತಾರೆ, ಆಮೇಲೆ ಎಲ್ಲರೂ ಇಲ್ಲೇ ಸಿಕ್ಕಿಬೀಳುತ್ತಾರೆ. ಟೊಮೆಟೊ ಬೆಲೆ ಕೆಜಿಗೆ 10ರಿಂದ 20 ರೂಪಾಯಿ ಆಯ್ತು, ಇನ್ನೊಮ್ಮೆ 50ರಿಂದ 60 ಆಯ್ತು. ಎರಡು ಸಲವೂ ಏರಿದ್ದು ಹತ್ತು ರೂಪಾಯಿ. ಆದರೆ ಮೊದಲನೆಯದು ಶೇ 100, ಎರಡನೆಯದು ಶೇ 20. ಮನೆ ಖರ್ಚಿಗೆ ಮುಖ್ಯ ಆಗೋದು ಶೇಕಡಾ ಲೆಕ್ಕ, ಅಲ್ವಾ? ಲಾಗ್ ತೆಗೆದುಕೊಂಡರೆ ಗ್ರಾಫಿನಲ್ಲಿ ಆ ಶೇಕಡಾ ಲೆಕ್ಕ ಕಾಣುತ್ತದೆ.

ಮೂರು, ಮೇಟ್ರಿಕ್ಸ್, ಅಂದರೆ ಅಂಕಿಗಳನ್ನು ಸಾಲು ಕಾಲಂನಲ್ಲಿ ಇಟ್ಟು ಮಾಡುವ ಲೆಕ್ಕ, ಮೊದಲ ವರ್ಷಕ್ಕೆ ಮೇಲುಮೇಲಿನ ಪರಿಚಯ ಇದ್ದರೆ ಸಾಕು. ನಾಲ್ಕು, ಸಂಭವನೀಯತೆ. ಇದಕ್ಕೆ ಮಾತ್ರ ಟೈಮ್ ಕೊಡಿ, ಮುಂದೆ ಬರುವ ಸಂಖ್ಯಾಶಾಸ್ತ್ರವೆಲ್ಲ ನಿಂತಿರುವುದೇ ಇದರ ಮೇಲೆ.

ಗಣಿತ ಬಿಟ್ಟವರು ರಜೆಯಲ್ಲಿ ದ್ವಿತೀಯ ಪಿಯು ಗಣಿತದ ಪುಸ್ತಕ ಯಾರದ್ದಾದರೂ ತಂದು ಈ ನಾಲ್ಕು ಭಾಗ ಮಾತ್ರ ಮಾಡಿ. ವಿಡಿಯೋ ನೋಡೋದು ಗಣಿತ ಮಾಡಿದ ಹಾಗಲ್ಲ. ಪೆನ್ನು ಹಿಡಿದು ಲೆಕ್ಕ ಬಿಡಿಸಿ.

2. ಕೋರ್ಸ್‌ನ ಹೆಸರು ಬಿಡಿ, ಪೇಪರ್‌ಗಳ ಪಟ್ಟಿ ಓದಿ

ಈಗ ಪ್ರತಿ ಕಾಲೇಜಿನ ಬ್ರೋಶರ್‌ನಲ್ಲೂ "ವಿತ್ ಡೇಟಾ ಅನಲಿಟಿಕ್ಸ್" ಅನ್ನುವ ಬಾಲ ಇದೆ. ಬಾಲ ನೋಡಿ ಫೀಸ್ ಕಟ್ಟಬೇಡಿ. ಸಿಲಬಸ್ ತರಿಸಿಕೊಳ್ಳಿ, ಆರು ಸೆಮಿಸ್ಟರ್‌ನದ್ದೂ. ಅದರಲ್ಲಿ ಇಷ್ಟು ಹುಡುಕಿ: ಸಂಖ್ಯಾಶಾಸ್ತ್ರದ ಪೇಪರ್ ಕನಿಷ್ಠ ಎರಡು ಇವೆಯಾ? ಅರ್ಥಶಾಸ್ತ್ರಕ್ಕೆ ಬೇಕಾದ ಗಣಿತದ ಪೇಪರ್ ಇದೆಯಾ? ಎಕನಾಮೆಟ್ರಿಕ್ಸ್ ಇದೆಯಾ? ಎಕನಾಮೆಟ್ರಿಕ್ಸ್ ಅಂದರೆ ಅಂಕಿ ಅಂಶ ಇಟ್ಟುಕೊಂಡು ಅರ್ಥಶಾಸ್ತ್ರದ ಮಾತು ನಿಜವಾ ಸುಳ್ಳಾ ಅಂತ ಪರೀಕ್ಷಿಸುವ ವಿದ್ಯೆ. ಈ ಮೂರೂ ಇದ್ದರೆ ಬಾಲ ಇಲ್ಲದಿದ್ದರೂ ಅದು ಒಳ್ಳೆಯ ಕೋರ್ಸ್. ಇವು ಇಲ್ಲದೆ "ಟೂಲ್ಸ್" ಅಂತ ನಾಲ್ಕು ಪೇಪರ್ ಇದ್ದರೆ ಯೋಚನೆ ಮಾಡಿ. ಆಮೇಲೆ ಆ ಪೇಪರ್ ನಿಜವಾಗಿ ಯಾರು ತಗೊಳ್ಳುತ್ತಾರೆ ಅಂತ ಸೀನಿಯರ್ ಒಬ್ಬರನ್ನು ಹಿಡಿದು ಕೇಳಿ. ಸಿಲಬಸ್‌ನಲ್ಲಿ ಇದ್ದು ತರಗತಿಯಲ್ಲಿ ಇಲ್ಲದ ಪೇಪರ್‌ಗಳು ಬೇಕಾದಷ್ಟಿವೆ.

ಎಷ್ಟು ವರ್ಷದ ಡಿಗ್ರಿ ಅನ್ನುವ ಗೊಂದಲವೂ ಇದೆ. ಕರ್ನಾಟಕದಲ್ಲಿ 2021-22ರಲ್ಲಿ ಎನ್‌ಇಪಿ ಜೊತೆ ನಾಲ್ಕು ವರ್ಷದ ಆನರ್ಸ್ ಬಂತು. 2024-25ರಿಂದ ರಾಜ್ಯದ ಸರ್ಕಾರಿ ವಿಶ್ವವಿದ್ಯಾಲಯಗಳಲ್ಲಿ ಮತ್ತೆ ಮೂರು ವರ್ಷದ ಡಿಗ್ರಿ. ಹಳೆಯ ವಿಡಿಯೋ ನೋಡಿ ಲೆಕ್ಕ ಹಾಕಬೇಡಿ. ಕೆಲವು ಖಾಸಗಿ ಮತ್ತು ಕೇಂದ್ರೀಯ ವಿಶ್ವವಿದ್ಯಾಲಯಗಳಲ್ಲಿ ನಾಲ್ಕು ವರ್ಷದ್ದೇ ಇದೆ. ಮುಂದೆ ವಿದೇಶಕ್ಕೆ ಹೋಗುವ ಆಸೆ ಇದ್ದರೆ, ಅಲ್ಲಿನ ಕೆಲವು ಕಡೆ ಮೂರು ವರ್ಷದ ಡಿಗ್ರಿಗೆ ಕಿರಿಕಿರಿ ಮಾಡುತ್ತಾರೆ ಅನ್ನೋದು ತಲೆಯಲ್ಲಿರಲಿ.

ರಾಜ್ಯದ ಸಾಮಾನ್ಯ ಕಾಲೇಜುಗಳಿಗೆ ಅರ್ಜಿ ಯುಯುಸಿಎಂಎಸ್ ಪೋರ್ಟಲ್ ಮೂಲಕ. ಅಲ್ಲಿ ವಿಷಯಗಳ ಜೋಡಿ ಆರಿಸುವಾಗ ಎಚ್ಚರ. ಇತಿಹಾಸ-ಅರ್ಥಶಾಸ್ತ್ರ-ರಾಜ್ಯಶಾಸ್ತ್ರ ಎಲ್ಲ ಕಡೆ ಸಿಗುತ್ತದೆ. ಅರ್ಥಶಾಸ್ತ್ರ-ಗಣಿತ-ಸಂಖ್ಯಾಶಾಸ್ತ್ರ, ಅಂದರೆ ಇಎಂಎಸ್, ಕೆಲವೇ ಕಾಲೇಜುಗಳಲ್ಲಿ ಇದೆ. ಅದು ಸಿಕ್ಕರೆ ಕಣ್ಣು ಮುಚ್ಚಿ ತಗೊಳ್ಳಿ.

ಇನ್ನು ಹೆಸರು ಕೇಳಿದವರಿಗೆ. ಬೆಂಗಳೂರಿನ ಜ್ಞಾನಭಾರತಿಯಲ್ಲಿರುವ ಡಾ. ಬಿ.ಆರ್. ಅಂಬೇಡ್ಕರ್ ಸ್ಕೂಲ್ ಆಫ್ ಎಕನಾಮಿಕ್ಸ್, ಎಲ್ಲರೂ "ಬೇಸ್" ಅಂತಾರೆ, 2017ರಲ್ಲಿ ಶುರುವಾದದ್ದು, ಅರ್ಥಶಾಸ್ತ್ರಕ್ಕೇ ಮೀಸಲು. ಅಜೀಂ ಪ್ರೇಮ್‌ಜಿ ವಿಶ್ವವಿದ್ಯಾಲಯದಲ್ಲಿ ಅರ್ಥಶಾಸ್ತ್ರದ ಪದವಿ ಇದೆ. ಐಎಸ್‌ಐ, ಅಂದರೆ ಭಾರತೀಯ ಸಂಖ್ಯಾಶಾಸ್ತ್ರ ಸಂಸ್ಥೆ, 2024ರಲ್ಲಿ ನಾಲ್ಕು ವರ್ಷದ ಸ್ಟಾಟಿಸ್ಟಿಕಲ್ ಡೇಟಾ ಸೈನ್ಸ್ ಪದವಿ ಶುರು ಮಾಡಿತು. ಅದು ಗಣಿತ ಪ್ರಿಯರಿಗೆ ಮಾತ್ರ. ದೆಹಲಿ ವಿಶ್ವವಿದ್ಯಾಲಯದ ಎಕನಾಮಿಕ್ಸ್ ಆನರ್ಸ್‌ಗೆ ಹನ್ನೆರಡನೇ ತರಗತಿಯಲ್ಲಿ ಗಣಿತ ಓದಿರಲೇಬೇಕು, ಕೇಂದ್ರೀಯ ವಿಶ್ವವಿದ್ಯಾಲಯಗಳ ಪ್ರವೇಶ ಪರೀಕ್ಷೆಯಾದ ಸಿಯುಇಟಿಯಲ್ಲೂ ಗಣಿತ ಬರೆಯಲೇಬೇಕು.

ಇಲ್ಲಿ ಪ್ರತಿ ವರ್ಷ ಯಾರಾದರೂ ಎಡವುತ್ತಾರೆ: ಸಿಯುಇಟಿ ಅರ್ಜಿ ಪಿಯುಸಿ ರಿಸಲ್ಟ್‌ಗೆ ಮುಂಚೆಯೇ ಬಂದು ಮುಗಿದೂ ಹೋಗುತ್ತದೆ. "ಮಾರ್ಕ್ಸ್ ನೋಡಿಕೊಂಡು ಹಾಕೋಣ" ಅಂತ ಕೂತರೆ ಒಂದು ವರ್ಷ ಹೋಯ್ತು.

ಐಐಟಿ ಮದ್ರಾಸ್ 2020ರಲ್ಲಿ ಶುರು ಮಾಡಿದ ಆನ್‌ಲೈನ್ ಡೇಟಾ ಸೈನ್ಸ್ ಪದವಿ ಬಗ್ಗೆ ತುಂಬಾ ಜನ ಕೇಳುತ್ತಾರೆ. ಜೆಇಇ ಬೇಕಿಲ್ಲ, ಅವರದ್ದೇ ಕ್ವಾಲಿಫೈಯರ್ ಇದೆ, ಬಿಎ ಜೊತೆಗೇ ಮಾಡಬಹುದು, ಒಳ್ಳೆಯ ಕೋರ್ಸ್. ಆದರೆ ಪ್ರತಿ ವಾರ ಅಸೈನ್‌ಮೆಂಟ್, ಪರೀಕ್ಷೆಗೆ ಸೆಂಟರ್‌ಗೆ ಹೋಗಬೇಕು. ಎರಡು ದೋಣಿ. ಮೊದಲ ಸೆಮಿಸ್ಟರ್ ಕಾಲೇಜಿಗೆ ಹೊಂದಿಕೊಂಡು ಆಮೇಲೆ ಹಾಕಿ ಅನ್ನೋದು ನನ್ನ ಮಾತು.

ಫೀಸ್ ಕಷ್ಟ ಇರುವವರು ಎಸ್‌ಎಸ್‌ಪಿ, ಅಂದರೆ ರಾಜ್ಯ ವಿದ್ಯಾರ್ಥಿವೇತನ ಪೋರ್ಟಲ್‌ನಲ್ಲಿ ಅರ್ಜಿ ಹಾಕೋದು ಮರೆಯಬೇಡಿ. ಆಧಾರ್‌ನಲ್ಲಿರುವ ಹೆಸರು, ಮಾರ್ಕ್ಸ್ ಕಾರ್ಡಿನ ಹೆಸರು ಒಂದೇ ಇದೆಯಾ ಅಂತ ಮೊದಲೇ ನೋಡಿಕೊಳ್ಳಿ.

3. ಮೊದಲ ವರ್ಷ: ಪದಗಳು ಮತ್ತು ಸ್ಪ್ರೆಡ್‌ಶೀಟ್

ಕನ್ನಡ ಮಾಧ್ಯಮದಿಂದ ಬಂದವರಿಗೆ ಮೊದಲ ಎರಡು ತಿಂಗಳು ಭಾಷೆಯೇ ಗೋಡೆ. ನಿಮಗೆ ವಿಷಯ ಗೊತ್ತಿರುತ್ತದೆ, ಪದ ಗೊತ್ತಿರುವುದಿಲ್ಲ. ನೋಟ್‌ಬುಕ್‌ನ ಹಿಂದೆ ಎರಡು ಕಾಲಂ ಮಾಡಿ. ಬೇಡಿಕೆಯ ಸ್ಥಿತಿಸ್ಥಾಪಕತ್ವ ಅಂತ ನೀವು ಓದಿದ್ದೇ ಇಲ್ಲಿ ಇಲಾಸ್ಟಿಸಿಟಿ. ಮಧ್ಯಾಂಕವೇ ಮೀಡಿಯನ್. ಮಾನಕ ವಿಚಲನೆಯೇ ಸ್ಟ್ಯಾಂಡರ್ಡ್ ಡೀವಿಯೇಶನ್. ಸಹಸಂಬಂಧವೇ ಕೋರಿಲೇಶನ್. ಇಂಥ ಎಂಬತ್ತು ನೂರು ಪದ ಬರೆಯುವಷ್ಟರಲ್ಲಿ ಗೋಡೆ ಬಿದ್ದಿರುತ್ತದೆ. ಇಂಗ್ಲಿಷ್‌ನಲ್ಲಿ ಓದಿ, ಕನ್ನಡದಲ್ಲಿ ಯಾರಿಗಾದರೂ ವಿವರಿಸಿ. ವಿವರಿಸಲು ಬರಲಿಲ್ಲ ಅಂದರೆ ಇಂಗ್ಲಿಷ್‌ನಲ್ಲೂ ಅರ್ಥ ಆಗಿಲ್ಲ ಅಂತಲೇ.

ಇದೇ ವರ್ಷ ಎಕ್ಸೆಲ್ ಕಲಿಯಿರಿ. ಇಲ್ಲದಿದ್ದರೆ ಲಿಬ್ರೆಆಫೀಸ್ ಕ್ಯಾಲ್ಕ್, ಅದು ಉಚಿತ. ಸಾರ್ಟ್, ಫಿಲ್ಟರ್, ಸರಾಸರಿ, ಮಧ್ಯಾಂಕ, ಪಿವಟ್ ಟೇಬಲ್, ಗೆರೆಯ ಚಾರ್ಟ್. ಪಿವಟ್ ಟೇಬಲ್ ಅಂದರೆ ಉದ್ದದ ಪಟ್ಟಿಯನ್ನು "ಜಿಲ್ಲೆವಾರು ಎಷ್ಟು, ತಿಂಗಳವಾರು ಎಷ್ಟು" ಅಂತ ಮಡಚಿ ತೋರಿಸುವ ಟೇಬಲ್. ಇದನ್ನು ಕೀಳಾಗಿ ನೋಡಬೇಡಿ, ಆಫೀಸುಗಳಲ್ಲಿ ಅರ್ಧ ಕೆಲಸ ಇದರಲ್ಲೇ ಆಗುತ್ತದೆ.

ಸರಾಸರಿ ಎಲ್ಲಿ ಮೋಸ ಮಾಡುತ್ತದೆ ಅಂತ ಈಗಲೇ ತಿಳಿದಿರಲಿ. ಒಂದು ಬೀದಿಯಲ್ಲಿ ಹತ್ತು ಮನೆ. ಒಂಬತ್ತು ಮನೆಯ ತಿಂಗಳ ಆದಾಯ 20,000. ಹತ್ತನೆಯವರದ್ದು 5 ಲಕ್ಷ. ಸರಾಸರಿ 68,000 ಬರುತ್ತದೆ. ಆ ಬೀದಿಯಲ್ಲಿ 68,000 ಗಳಿಸುವ ಮನೆ ಒಂದೂ ಇಲ್ಲ. ಮಧ್ಯಾಂಕ 20,000, ಅದು ನಿಜಕ್ಕೆ ಹತ್ತಿರ.

4. ನಿಮಗೆ ಗೊತ್ತಿರುವ ಒಂದು ಡೇಟಾ ಹಿಡಿಯಿರಿ

ಇಡೀ ಲೇಖನದಲ್ಲಿ ಒಂದೇ ಭಾಗ ಓದುವುದಾದರೆ ಇದನ್ನು ಓದಿ.

ಕೋರ್ಸುಗಳಲ್ಲಿ ಅಮೆರಿಕದ ಮನೆ ಬೆಲೆ, ಎಲ್ಲೋ ಬೆಳೆದ ಹೂವಿನ ಎಸಳಿನ ಅಳತೆ, ಇಂಥ ಡೇಟಾ ಕೊಡುತ್ತಾರೆ. ಅಭ್ಯಾಸಕ್ಕೆ ಸರಿ. ಆದರೆ ಅದರಲ್ಲಿ ತಪ್ಪಿದ್ದರೆ ನಿಮಗೆ ಗೊತ್ತಾಗುವುದಿಲ್ಲ. ನಿಮ್ಮೂರಿನ ಡೇಟಾದಲ್ಲಿ ತಪ್ಪಿದ್ದರೆ ಕಣ್ಣಿಗೆ ಹೊಡೆಯುತ್ತದೆ. ತಿಪಟೂರಿನವರಿಗೆ ಕೊಬ್ಬರಿ, ಬ್ಯಾಡಗಿಯವರಿಗೆ ಮೆಣಸಿನಕಾಯಿ, ಶಿರಸಿಯವರಿಗೆ ಅಡಿಕೆ. ನಾನು ಕೋಲಾರದ ಟೊಮೆಟೊ ತಗೊಂಡು ತೋರಿಸುತ್ತೇನೆ.

ಎಪಿಎಂಸಿ ಬೆಲೆಗಳು ಕೇಂದ್ರದ ಅಗ್‌ಮಾರ್ಕ್‌ನೆಟ್‌ನಲ್ಲಿ, ರಾಜ್ಯದ ಕೃಷಿ ಮಾರಾಟ ವಾಹಿನಿ ವೆಬ್‌ಸೈಟಿನಲ್ಲಿ ಉಚಿತವಾಗಿ ಸಿಗುತ್ತವೆ. ಒಂದು ಮಾರುಕಟ್ಟೆ, ಒಂದು ಬೆಳೆ, ಒಂದು ವರ್ಷ. ಇಷ್ಟೇ ಇಳಿಸಿಕೊಳ್ಳಿ. ಶೀಟಿನಲ್ಲಿ ದಿನಾಂಕ, ತಳಿ, ಆವಕ, ಕನಿಷ್ಠ ಬೆಲೆ, ಗರಿಷ್ಠ ಬೆಲೆ, ಮೋಡಲ್ ಬೆಲೆ ಇರುತ್ತದೆ. ಆವಕ ಅಂದರೆ ಆ ದಿನ ಮಾರುಕಟ್ಟೆಗೆ ಬಂದ ಮಾಲು. ಮೋಡಲ್ ಬೆಲೆ ಅಂದರೆ ಹೆಚ್ಚಿನ ಮಾಲು ಯಾವ ಬೆಲೆಗೆ ಹೋಯಿತೋ ಅದು. ಹೈಸ್ಕೂಲಿನಲ್ಲಿ "ರೂಢಿಬೆಲೆ" ಅಂತ ಒಂದು ಲೆಕ್ಕ ಮಾಡಿ ಮರೆತಿದ್ದಿರಲ್ಲ, ಅದೇ ಇದು. ಯಾರು ಆ ಪದ ಇಟ್ಟರೋ, ಮಂಡಿಗೆ ಹೇಳಿ ಮಾಡಿಸಿದ ಹಾಗಿದೆ.

ಈಗ ಮೊದಲ ಹತ್ತು ಸಾಲು ಕಣ್ಣಲ್ಲಿ ಓದಿ. ಚಾರ್ಟ್‌ಗೆ ಹಾರಬೇಡಿ. ಬೆಲೆ ಯಾವುದರ ಲೆಕ್ಕದಲ್ಲಿದೆ? ಕ್ವಿಂಟಾಲ್ ಲೆಕ್ಕದಲ್ಲಿ. ಆದರೆ ಕೋಲಾರದಲ್ಲಿ ಹರಾಜು ಕೂಗೋದು 15 ಕೆಜಿ ಬಾಕ್ಸ್ ಲೆಕ್ಕದಲ್ಲಿ, ಪೇಪರಿನಲ್ಲಿ ಬರೋದೂ ಅದೇ. ಬಾಕ್ಸ್‌ಗೆ 300 ಅಂದರೆ ಕೆಜಿಗೆ 20, ಕ್ವಿಂಟಾಲ್‌ಗೆ 2,000. 2023ರ ಜುಲೈನಲ್ಲಿ ಟೊಮೆಟೊ ಬಾಕ್ಸ್ 2,000 ದಾಟಿತ್ತು, ನೆನಪಿರಬಹುದು, ತೋಟಕ್ಕೆ ಕಾವಲು ಹಾಕಿದ್ದ ಕಾಲ. ಅದು ಕ್ವಿಂಟಾಲ್ ಲೆಕ್ಕದಲ್ಲಿ 13,000ಕ್ಕೂ ಮೇಲೆ. ಅಂದರೆ ಪೇಪರಿನ 2,000 ಮತ್ತು ಶೀಟಿನ 2,000 ನಡುವೆ ಆರೂವರೆ ಪಟ್ಟಿಗಿಂತ ಜಾಸ್ತಿ ಅಂತರ. ಅಳತೆ ನೋಡದೆ ಎರಡನ್ನೂ ಒಂದೇ ಚಾರ್ಟಿಗೆ ಹಾಕಿದವರು "ಅಂಥಾ ಏರಿಕೆ ಏನೂ ಆಗಿಲ್ಲವಲ್ಲ" ಅಂತ ಬರೆದುಬಿಡುತ್ತಾರೆ.

ಎಡವುವ ಎರಡನೇ ಜಾಗ ದಿನಾಂಕ. ನಾವು 05-07 ಅಂದರೆ ಜುಲೈ ಐದು. ಅಮೆರಿಕದ ಸೆಟ್ಟಿಂಗ್ ಇರುವ ಎಕ್ಸೆಲ್ ಅದನ್ನು ಮೇ ಏಳು ಅಂತ ಓದುತ್ತದೆ. ತಿಂಗಳ 13ನೇ ತಾರೀಖಿನಿಂದ ಅದಕ್ಕೆ ತಿಂಗಳು ಅಂತ ಓದಲು ಆಗದೆ ಹಾಗೇ ಪಠ್ಯವಾಗಿ ಬಿಡುತ್ತದೆ. ಕಾಲಂನಲ್ಲಿ ಕೆಲವು ದಿನಾಂಕ ಬಲಕ್ಕೆ, ಕೆಲವು ಎಡಕ್ಕೆ ಅಂಟಿಕೊಂಡಿದ್ದರೆ ಇದೇ ರೋಗ.

ಮೂರನೆಯದು ಶೀಟಿನ ಖಾಲಿ ಸೆಲ್. ರಜೆ ದಿನ ಬೆಲೆ ಇರುವುದಿಲ್ಲ. ಅಲ್ಲಿ ಸೊನ್ನೆ ತುಂಬಬೇಡಿ. ಸೊನ್ನೆ ಅಂದರೆ ಟೊಮೆಟೊ ಪುಕ್ಕಟೆ ಕೊಟ್ಟರು ಅಂತ, ಖಾಲಿ ಅಂದರೆ ಮಾರುಕಟ್ಟೆ ಇರಲಿಲ್ಲ ಅಂತ.

ಇಷ್ಟಾದ ಮೇಲೆ ಚಾರ್ಟ್ ಹಾಕಿ. ದಿನದಿನದ ಗೆರೆ ಹಲ್ಲು ಹಲ್ಲಾಗಿ ಕಾಣುತ್ತದೆ, ಅದರ ಮೇಲೆ ಏಳು ದಿನದ ಚಲಿಸುವ ಸರಾಸರಿ ಹಾಕಿದರೆ ಆಕಾರ ಬರುತ್ತದೆ. ಚಲಿಸುವ ಸರಾಸರಿ ಅಂದರೆ ಪ್ರತಿ ದಿನಕ್ಕೂ ಆ ದಿನವೂ ಸೇರಿ ಹಿಂದಿನ ಏಳು ದಿನದ ಸರಾಸರಿ. ಆಮೇಲೆ ಅಡ್ಡಕ್ಕೆ ಆವಕ, ಉದ್ದಕ್ಕೆ ಬೆಲೆ ಇಟ್ಟು ಚುಕ್ಕೆ ಹಾಕಿ. ಆವಕ ಜಾಸ್ತಿ ಇದ್ದ ದಿನ ಬೆಲೆ ಇಳಿದಿದೆಯಾ? ಇಳಿಯದ ದಿನಗಳನ್ನು ಗುರುತು ಮಾಡಿ. ಆ ದಿನ ಏನಾಗಿತ್ತು? ಆಂಧ್ರದ ಮದನಪಲ್ಲಿಯಲ್ಲಿ ಮಾಲು ಕಡಿಮೆ ಇತ್ತಾ, ನಾಸಿಕ್ ಬೆಳೆ ಬಂದಿರಲಿಲ್ವಾ, ಮಳೆಯಾಗಿತ್ತಾ? ಸಾಧ್ಯವಾದರೆ ಒಂದು ಬೆಳಿಗ್ಗೆ ಮಂಡಿಗೇ ಹೋಗಿ ದಲ್ಲಾಳಿಗಳನ್ನು ಕೇಳಿ. ಶೀಟ್ ಹೇಳದ್ದನ್ನು ಅವರು ಹತ್ತು ನಿಮಿಷದಲ್ಲಿ ಹೇಳುತ್ತಾರೆ.

ಹತ್ತು ವರ್ಷದ ಬೆಲೆ ಹೋಲಿಸುವಾಗ ಹಣದುಬ್ಬರ ತೆಗೆಯಬೇಕು. 2013ರ 20 ರೂಪಾಯಿ, ಈಗಿನ 20 ರೂಪಾಯಿ ಒಂದೇ ಅಲ್ಲ. ಗ್ರಾಹಕ ಬೆಲೆ ಸೂಚ್ಯಂಕದಿಂದ ಭಾಗಿಸಿ. ಅಲ್ಲೂ ಆಧಾರ ವರ್ಷ ನೋಡಿಕೊಳ್ಳಿ, ಅಂದರೆ ಯಾವ ವರ್ಷವನ್ನು 100 ಅಂತ ಇಟ್ಟುಕೊಂಡಿದ್ದಾರೆ ಅಂತ. ಜಿಡಿಪಿಯಲ್ಲೂ ಹೀಗೇ: 2004-05 ಇದ್ದ ಆಧಾರ ವರ್ಷವನ್ನು 2015ರಲ್ಲಿ 2011-12ಕ್ಕೆ ಬದಲಾಯಿಸಿದರು. ಎರಡು ಸರಣಿಯ ಅಂಕಿಗಳನ್ನು ಸುಮ್ನೆ ಒಂದರ ಕೆಳಗೆ ಒಂದು ಅಂಟಿಸಿದರೆ ನಡುವೆ ಒಂದು ಸುಳ್ಳು ಮೆಟ್ಟಿಲು ಕಾಣುತ್ತದೆ.

5. ಆರ್ ಅಥವಾ ಪೈಥಾನ್, ಯಾವುದಾದರೂ ಒಂದು

ಎರಡೂ ಡೇಟಾ ಕೆಲಸಕ್ಕೆ ಬಳಸುವ ಪ್ರೋಗ್ರಾಮಿಂಗ್ ಭಾಷೆಗಳು. ಯಾವುದು ಮೇಲು ಅಂತ ಗಂಟೆಗಟ್ಟಲೆ ಜಗಳ ಮಾಡುವವರಿದ್ದಾರೆ. ಅರ್ಥಶಾಸ್ತ್ರ, ಸಂಖ್ಯಾಶಾಸ್ತ್ರದ ಕಡೆ ಇರುತ್ತೀರಿ ಅಂದರೆ ಆರ್. ಕಂಪನಿ ಕೆಲಸದ ಕಡೆ ಅಂದರೆ ಪೈಥಾನ್. ಎರಡೂ ಉಚಿತ. ಸ್ಟೇಟಾ ಅಂತ ಇನ್ನೊಂದಿದೆ, ಸಂಶೋಧಕರು ತುಂಬಾ ಬಳಸುತ್ತಾರೆ, ಆದರೆ ದುಡ್ಡು ಕೊಡಬೇಕು. ಕಾಲೇಜು ಕೊಟ್ಟರೆ ಕಲಿಯಿರಿ. ಲ್ಯಾಪ್‌ಟಾಪ್ ನಿಧಾನ ಇದ್ದರೆ ಗೂಗಲ್ ಕೊಲ್ಯಾಬ್‌ನಲ್ಲಿ ಬ್ರೌಸರ್ ಒಳಗೇ ಪೈಥಾನ್ ಓಡಿಸಬಹುದು.

ಎರಡನೇ ವರ್ಷ ಶುರು ಮಾಡಿ. ಎಕ್ಸೆಲ್‌ನಲ್ಲಿ ಮಾಡಿದ ಅದೇ ಟೊಮೆಟೊ ಕೆಲಸವನ್ನು ಇದರಲ್ಲಿ ಮತ್ತೆ ಮಾಡಿ. ಉತ್ತರ ಮೊದಲೇ ಗೊತ್ತಿರುವುದರಿಂದ ಕೋಡ್ ತಪ್ಪಿದರೆ ತಕ್ಷಣ ಗೊತ್ತಾಗುತ್ತದೆ. ಎಐ ಹತ್ತಿರ ಕೋಡ್ ಬರೆಸಿಕೊಳ್ಳಬಹುದಾ ಅಂತ ಕೇಳುತ್ತೀರಿ. ಬರೆಸಿಕೊಳ್ಳಿ, ಆದರೆ ಪ್ರತಿ ಸಾಲು ಏನು ಮಾಡುತ್ತದೆ ಅಂತ ಪಕ್ಕದಲ್ಲಿ ಕನ್ನಡದಲ್ಲಿ ಬರೆದಿಡಿ. ಬರೆಯಲಾಗದ ಸಾಲನ್ನು ಬಳಸಬೇಡಿ.

6. ಡೇಟಾ ತೊಳೆಯುವುದು

ನಿಜವಾದ ಕೆಲಸದಲ್ಲಿ ಹೆಚ್ಚಿನ ಹೊತ್ತು ಹೋಗುವುದು ಇದಕ್ಕೇ, ಕೋರ್ಸುಗಳಲ್ಲಿ ಕಡಿಮೆ ಹೇಳುವುದೂ ಇದನ್ನೇ.

ನನ್ನ ಕೊನೆಯ ವರ್ಷದ ಪ್ರಾಜೆಕ್ಟ್‌ನಲ್ಲಿ 2011ರ ಜನಗಣತಿಯ ಜಿಲ್ಲಾ ಪಟ್ಟಿಯನ್ನು ಆಮೇಲಿನ ಇನ್ನೊಂದು ಪಟ್ಟಿಗೆ ಜೋಡಿಸಿದ್ದೆ. ಹೆಸರು ಹೊಂದದ ಸಾಲುಗಳನ್ನು ಸಾಫ್ಟ್‌ವೇರ್ ಸದ್ದಿಲ್ಲದೆ ಬಿಟ್ಟುಬಿಟ್ಟಿತ್ತು. ಕಲ್ಯಾಣ ಕರ್ನಾಟಕದ ಬಗ್ಗೆ ಎರಡು ಪುಟ ಬರೆದಿದ್ದೆ. ವೈವಾದಲ್ಲಿ ಮೇಷ್ಟ್ರು ಟೇಬಲ್ ನೋಡಿ ಕೇಳಿದ್ದು ಒಂದೇ ಪ್ರಶ್ನೆ: "ಕಲಬುರಗಿ ಎಲ್ಲಪ್ಪಾ?"

ಹಳೆಯ ಇಂಗ್ಲಿಷ್ ಪಟ್ಟಿಯಲ್ಲಿ ಗುಲ್ಬರ್ಗಾ, ಬೆಲ್ಗಾಂ, ಶಿಮೋಗಾ, ಬಿಜಾಪುರ್ ಇರುತ್ತವೆ. 2014ರ ನವೆಂಬರ್ 1ರಿಂದ ಕಲಬುರಗಿ, ಬೆಳಗಾವಿ, ಶಿವಮೊಗ್ಗ, ವಿಜಯಪುರ. ಕಂಪ್ಯೂಟರ್‌ಗೆ ಇವು ಬೇರೆ ಬೇರೆ ಊರು. 2021ರಲ್ಲಿ ಬಳ್ಳಾರಿಯಿಂದ ವಿಜಯನಗರ ಬೇರೆಯಾಗಿ ಜಿಲ್ಲೆ 31 ಆದವು, ಜನಗಣತಿಯಲ್ಲಿ 30 ಮಾತ್ರ. ಹಾಗಾಗಿ ಹೋಲಿಸುವಾಗ ವಿಜಯನಗರವನ್ನು ಮತ್ತೆ ಬಳ್ಳಾರಿಗೆ ಸೇರಿಸಿ ಲೆಕ್ಕ ಹಾಕಬೇಕು, 2011ರಲ್ಲಿ ದಾವಣಗೆರೆಯಲ್ಲಿದ್ದ ಹರಪನಹಳ್ಳಿ ತಾಲೂಕು ಬಿಟ್ಟು. ವಿಜಯಪುರ, ವಿಜಯನಗರ ಅದಲು ಬದಲಾಗುವುದೂ ಉಂಟು. 2025ರಲ್ಲಿ ರಾಮನಗರಕ್ಕೆ ಬೆಂಗಳೂರು ದಕ್ಷಿಣ ಅಂತ ಹೆಸರಿಡಲು ಸಂಪುಟ ಒಪ್ಪಿದ ಮೇಲೆ ಇನ್ನೊಂದು ತಲೆನೋವು ಸೇರಿತು. ಉಪಾಯ: ಹೆಸರಿನ ಮೇಲೆ ಜೋಡಿಸಬೇಡಿ, ಸರ್ಕಾರದ ಜಿಲ್ಲಾ ಕೋಡ್ ಸಿಕ್ಕರೆ ಅದರ ಮೇಲೆ ಜೋಡಿಸಿ. ಜೋಡಿಸುವ ಮುಂಚೆ ಎಷ್ಟು ಸಾಲು, ಜೋಡಿಸಿದ ಮೇಲೆ ಎಷ್ಟು ಸಾಲು, ಎರಡನ್ನೂ ಎಣಿಸಿ ಬರೆದಿಡಿ.

ಇನ್ನೂ ಎರಡು ನಮ್ಮ ಕಡೆಯದೇ ತೊಂದರೆ. 1,25,000 ಅಂತ ಲಕ್ಷದ ಕಾಮಾ ಇರುವ ಅಂಕಿಯನ್ನು ಎಷ್ಟೋ ಸಲ ಸಾಫ್ಟ್‌ವೇರ್ ಅಕ್ಷರ ಅಂದುಕೊಳ್ಳುತ್ತದೆ, ಕಾಮಾ ತೆಗೆಯಿರಿ. ಇನ್ನೊಂದು, ಸರ್ಕಾರಿ ಕಡತಗಳ ಹಳೆಯ ನುಡಿ ಫಾಂಟ್. ಫಾಂಟ್ ಇಲ್ಲದ ಕಡೆ ತೆರೆದರೆ ಕನ್ನಡದ ಬದಲು ವಿಚಿತ್ರ ಇಂಗ್ಲಿಷ್ ಅಕ್ಷರಗಳು. ಫೈಲ್ ಕೆಟ್ಟಿಲ್ಲ, ಯೂನಿಕೋಡ್‌ಗೆ ಬದಲಾಯಿಸುವ ಪರಿವರ್ತಕ ಬಳಸಿ.

ಮೂಲ ಫೈಲ್ ಮುಟ್ಟಬೇಡಿ. ನಕಲು ಮಾಡಿ ಅದರಲ್ಲಿ ಕೆಲಸ ಮಾಡಿ.

7. ರಿಗ್ರೆಶನ್, ಮತ್ತು "ಇದರಿಂದಲೇ ಅದು" ಅನ್ನುವ ಆತುರ

ರಿಗ್ರೆಶನ್ ಅಂದರೆ ಚುಕ್ಕೆಗಳ ನಡುವೆ ಹತ್ತಿರ ಹತ್ತಿರ ಹೋಗುವ ಗೆರೆ ಎಳೆಯುವುದು. ಒಂದು ಬದಲಾದರೆ ಇನ್ನೊಂದು ಸರಾಸರಿ ಎಷ್ಟು ಬದಲಾಗಿದೆ ಅಂತ ಅದು ಹೇಳುತ್ತದೆ. ಯಾಕೆ ಬದಲಾಯ್ತು ಅಂತ ಹೇಳುವುದಿಲ್ಲ. ಪಿ-ವ್ಯಾಲ್ಯೂ ಅಂತ ಒಂದು ಅಂಕಿ ಬರುತ್ತದೆ: ನಿಜಕ್ಕೂ ಸಂಬಂಧವೇ ಇಲ್ಲದಿದ್ದರೆ, ಬರೀ ಅದೃಷ್ಟದಿಂದ ಇಷ್ಟು ದೊಡ್ಡ ಸಂಬಂಧ ಕಾಣುವ ಸಾಧ್ಯತೆ ಎಷ್ಟು ಅಂತ. ಅದು ಸಣ್ಣದಿದ್ದರೆ ವಿಷಯ ಮುಖ್ಯ ಅಂತ ಅಲ್ಲ, ಬರೀ ಅದೃಷ್ಟ ಅಂತ ತಳ್ಳಿಹಾಕುವುದು ಕಷ್ಟ ಅಂತ ಮಾತ್ರ.

ಪ್ರತಿ ವರ್ಷ ಒಬ್ಬರಾದರೂ ಶಕ್ತಿ ಯೋಜನೆಯ ಮೇಲೆ ಪ್ರಾಜೆಕ್ಟ್ ಮಾಡುತ್ತೇನೆ ಅನ್ನುತ್ತಾರೆ. ಒಳ್ಳೆಯ ವಿಷಯ. 2023ರ ಜೂನ್ 11ರಂದು ಶುರುವಾಯ್ತು, ಹಿಂದೆ ಮುಂದೆ ಸ್ಪಷ್ಟ. ಆದರೆ "ಯೋಜನೆ ಬಂದ ಮೇಲೆ ಕೆಲಸಕ್ಕೆ ಹೋಗುವ ಮಹಿಳೆಯರು ಜಾಸ್ತಿಯಾದರು, ಹಾಗಾಗಿ ಯೋಜನೆಯಿಂದ" ಅಂತ ಬರೆಯಬೇಡಿ. ಅದೇ ಹೊತ್ತಿಗೆ ಬೇರೆ ಗ್ಯಾರಂಟಿಗಳೂ ಬಂದವು, ಮಳೆ ಕೈಕೊಟ್ಟಿತು. ಆ ಯೋಜನೆ ಇಲ್ಲದ ಪಕ್ಕದ ರಾಜ್ಯದ ಗಡಿ ಜಿಲ್ಲೆಗಳಲ್ಲಿ ಅದೇ ಅವಧಿಯಲ್ಲಿ ಏನಾಯ್ತು ನೋಡಿ. ಇಲ್ಲಿ ಆದ ಬದಲಾವಣೆಯಿಂದ ಅಲ್ಲಿ ಆದ ಬದಲಾವಣೆ ಕಳೆಯಿರಿ. ಇದಕ್ಕೆ ಡಿಫರೆನ್ಸ್ ಇನ್ ಡಿಫರೆನ್ಸಸ್ ಅಂತ ದೊಡ್ಡ ಹೆಸರಿದೆ, ಅಸಲಿಗೆ ಎರಡು ಕಳೆಯುವ ಲೆಕ್ಕ. ಯೋಜನೆಗೆ ಮುಂಚೆ ಎರಡೂ ಕಡೆ ಒಂದೇ ದಾರಿಯಲ್ಲಿ ಹೋಗುತ್ತಿದ್ದವು ಅಂತ ತೋರಿಸಿದರೆ ಮಾತ್ರ ಇದು ನಿಲ್ಲುತ್ತದೆ. ಹಾಗೇ ಹೋಲಿಸುವ ರಾಜ್ಯದಲ್ಲಿ ಇಂಥದ್ದೇ ಯೋಜನೆ ಇಲ್ಲ ಅಂತ ಖಾತ್ರಿ ಮಾಡಿಕೊಳ್ಳಿ. ತಮಿಳುನಾಡಿನಲ್ಲಿ 2021ರಿಂದಲೇ ಸಾಮಾನ್ಯ ಟೌನ್ ಬಸ್‌ಗಳಲ್ಲಿ ಮಹಿಳೆಯರಿಗೆ ಟಿಕೆಟ್ ಇಲ್ಲ.

8. ಮೂರನೇ ವರ್ಷ: ದೊಡ್ಡ ಸರ್ವೆಗಳು

ಕೇಂದ್ರದ ಅಂಕಿ ಅಂಶ ಸಚಿವಾಲಯ ಪಿಎಲ್‌ಎಫ್‌ಎಸ್ ಅಂದರೆ ಉದ್ಯೋಗ ಸರ್ವೆಯ, ಮನೆ ಖರ್ಚಿನ ಸರ್ವೆಯ ಮೂಲ ಡೇಟಾವನ್ನು ಉಚಿತವಾಗಿ ಕೊಡುತ್ತದೆ. ಒಂದೊಂದು ಮನೆ, ಒಂದೊಬ್ಬ ವ್ಯಕ್ತಿಗೆ ಒಂದೊಂದು ಸಾಲು, ಹೆಸರು ಇರುವುದಿಲ್ಲ. ಡಿಗ್ರಿ ಓದುವಾಗಲೇ ಇದನ್ನು ಮುಟ್ಟಿದವರು ಕಡಿಮೆ, ಹಾಗಾಗಿ ಇಂಟರ್‌ವ್ಯೂನಲ್ಲಿ ಇದಕ್ಕೆ ಬೆಲೆ ಇದೆ.

ವೆಯ್ಟ್ ಹಾಕದೆ ಲೆಕ್ಕ ಮಾಡಬೇಡಿ. ಸರ್ವೆಯಲ್ಲಿ ಸಿಕ್ಕ ಒಬ್ಬರು ಎಷ್ಟು ಸಾವಿರ ಜನರ ಪರವಾಗಿ ನಿಂತಿದ್ದಾರೆ ಅನ್ನುವ ಅಂಕಿಯೇ ವೆಯ್ಟ್. ಎಲ್ಲರ ವೆಯ್ಟ್ ಒಂದೇ ಇರುವುದಿಲ್ಲ. ಮೊದಲು ಸರ್ಕಾರದ ವರದಿಯಲ್ಲಿ ಪ್ರಕಟವಾದ ಒಂದು ಅಂಕಿಯನ್ನು ನಿಮ್ಮ ಕೈಯಾರೆ ತೆಗೆದು ನೋಡಿ. 2023-24ರ ಮನೆ ಖರ್ಚಿನ ಸರ್ವೆಯಲ್ಲಿ ಒಬ್ಬರ ತಿಂಗಳ ಸರಾಸರಿ ಖರ್ಚು ಹಳ್ಳಿಯಲ್ಲಿ 4,122 ರೂಪಾಯಿ, ಪಟ್ಟಣದಲ್ಲಿ 6,996. ನಿಮಗೆ ಅದೇ ಬಂದರೆ ಮುಂದಕ್ಕೆ ಹೋಗಿ. ಬರಲಿಲ್ಲ ಅಂದರೆ ಹತ್ತಕ್ಕೆ ಒಂಬತ್ತು ಸಲ ವೆಯ್ಟ್ ತಪ್ಪಿರುತ್ತದೆ.

ವ್ಯಾಖ್ಯೆಯನ್ನೂ ಓದಿ. 2023-24ರ ಪಿಎಲ್‌ಎಫ್‌ಎಸ್‌ನಲ್ಲಿ ನಿರುದ್ಯೋಗ ಶೇ 3.2 ಅಂತಲೂ ಇದೆ, ಶೇ 4.9 ಅಂತಲೂ ಇದೆ. ಎರಡೂ ಸರಿ. ಮೊದಲನೆಯದು ಇಡೀ ವರ್ಷವನ್ನು ನೋಡುವ ಲೆಕ್ಕ, ಎರಡನೆಯದು ಹಿಂದಿನ ಏಳು ದಿನದ ಲೆಕ್ಕ. ಟಿವಿ ಚರ್ಚೆಯಲ್ಲಿ ಇಬ್ಬರು ಒಂದೊಂದು ಹಿಡಿದುಕೊಂಡು ಕಿರುಚಾಡುವುದು ಇದಕ್ಕೇ. ಈ ಸರ್ವೆಯ ವರ್ಷ ಮೊದಲು ಜುಲೈಯಿಂದ ಜೂನ್ ಇತ್ತು, 2025ರಿಂದ ಜನವರಿಯಿಂದ ಡಿಸೆಂಬರ್ ಆಗಿದೆ. ಹೋಲಿಸುವಾಗ ಗಮನ ಇರಲಿ.

9. ಬರೆಯಿರಿ, ಆಮೇಲೆ ಮುಂದಿನದು

ಒಂದು ಪ್ರಾಜೆಕ್ಟ್ ಸಾಕು, ಹತ್ತು ಬೇಡ. ನಾಲ್ಕು ಪುಟ: ಪ್ರಶ್ನೆ ಏನು, ಡೇಟಾ ಎಲ್ಲಿಂದ, ಏನು ಮಾಡಿದಿರಿ, ಏನು ಕಂಡಿತು, ಎಲ್ಲಿ ಅನುಮಾನ ಇದೆ. ಕೊನೆಯದನ್ನು ಬಿಡಬೇಡಿ, ಕೆಲಸ ಕೊಡುವವರು ಅದನ್ನೇ ಓದುತ್ತಾರೆ. ಕೋಡ್ ಮತ್ತು ಶೀಟ್ ಜೊತೆಗಿಡಿ.

ಎಂಎ ಕಡೆ ಹೋಗುವವರಿಗೆ ಡೆಲ್ಲಿ ಸ್ಕೂಲ್ ಆಫ್ ಎಕನಾಮಿಕ್ಸ್, ಐಎಸ್‌ಐನ ಎಂಎಸ್‌ಕ್ಯೂಇ (ಪರಿಮಾಣಾತ್ಮಕ ಅರ್ಥಶಾಸ್ತ್ರದ ಸ್ನಾತಕೋತ್ತರ ಪದವಿ), ಮುಂಬೈನ ಐಜಿಐಡಿಆರ್ ಅನ್ನುವ ಸಂಶೋಧನಾ ಸಂಸ್ಥೆ, ಇವೆಲ್ಲದರ ಪ್ರವೇಶ ಪರೀಕ್ಷೆಯಲ್ಲಿ ಗಣಿತವೂ ಒಂದು ಸೋಸುವ ಜರಡಿ. ಮೂರನೇ ವರ್ಷದ ಶುರುವಿನಿಂದಲೇ ಹಳೆಯ ಪ್ರಶ್ನೆಪತ್ರಿಕೆ ಬಿಡಿಸಬೇಕು. ಬೆಂಗಳೂರಿನ ಸುತ್ತ ಇರುವವರು ನಾಗರಭಾವಿಯ ಐಸೆಕ್‌ನಲ್ಲಿ, ಅರ್ಥಶಾಸ್ತ್ರಜ್ಞ ವಿ.ಕೆ.ಆರ್.ವಿ. ರಾವ್ 1972ರಲ್ಲಿ ಕಟ್ಟಿದ ಸಂಶೋಧನಾ ಸಂಸ್ಥೆ ಅದು, ಸೆಮಿನಾರ್‌ಗಳು ನಡೆದಾಗ ಹೋಗಿ ಹಿಂದಿನ ಸಾಲಿನಲ್ಲಿ ಕೂತು ಕೇಳಿ. ಮೊದಲೆರಡು ಸಲ ಏನೂ ತಿಳಿಯುವುದಿಲ್ಲ, ಪರವಾಗಿಲ್ಲ.

ಸರ್ಕಾರಿ ಕೆಲಸ ಕೇಳುವವರಿಗೆ ಒಂದು ವಿಷಯ, ಇದು ತುಂಬಾ ಜನಕ್ಕೆ ತಡವಾಗಿ ಗೊತ್ತಾಗುತ್ತದೆ. ಯುಪಿಎಸ್‌ಸಿ ನಡೆಸುವ ಇಂಡಿಯನ್ ಎಕನಾಮಿಕ್ ಸರ್ವಿಸ್‌ಗೆ ಅರ್ಥಶಾಸ್ತ್ರದಲ್ಲಿ ಸ್ನಾತಕೋತ್ತರ ಪದವಿ ಬೇಕು, ಬಿಎ ಸಾಲದು. ಆದರೆ ಇಂಡಿಯನ್ ಸ್ಟಾಟಿಸ್ಟಿಕಲ್ ಸರ್ವಿಸ್‌ಗೆ ಡಿಗ್ರಿ ಸಾಕು, ಅದರಲ್ಲಿ ಸಂಖ್ಯಾಶಾಸ್ತ್ರ ಒಂದು ವಿಷಯವಾಗಿ ಇದ್ದಿರಬೇಕು ಅಷ್ಟೇ. ಅದು ನಿಮ್ಮ ಡಿಗ್ರಿಯಲ್ಲಿ ಇರುತ್ತದಾ ಇಲ್ಲವಾ ಅನ್ನೋದು ನೀವು ಯುಯುಸಿಎಂಎಸ್‌ನಲ್ಲಿ ಮೊದಲ ಸೆಮಿಸ್ಟರ್‌ನ ವಿಷಯಗಳನ್ನು ಟಿಕ್ ಮಾಡುವ ದಿನವೇ ತೀರ್ಮಾನ ಆಗಿಬಿಡುತ್ತದೆ, ಹಾಗಾಗಿ ಆ ಪೇಜ್‌ನಲ್ಲಿ ಸ್ವಲ್ಪ ಹೊತ್ತು ನಿಲ್ಲಿ.